ನೀರಿನ ಹದ

ಹಳೆಯ ವಸ್ತುವನ್ನು ಕೊಳ್ಳುವವನು ಅದರೊಡನೆ ಹಿಂದಿನ ಒಡೆಯನ ಆರಿಹೋದ ಉತ್ಸಾಹವನ್ನೂ ಮನೆಗೆ ತರುತ್ತಾನೆ. ಮೂವತ್ತನೆಯ ಪುಟದವರೆಗೆ ಮಾತ್ರ ಪೆನ್ಸಿಲಿನ ಗೆರೆ ಕಂಡ ಪುಸ್ತಕ, ತಂತಿ ಸಡಿಲಿದ ವೀಣೆ, ಇವೆಲ್ಲ ನಡುದಾರಿಯಲ್ಲಿ ಕೈಬಿಟ್ಟ ಸಂಕಲ್ಪಗಳ ಗುರುತುಗಳು. ನಮ್ಮ ಕಾಲದಲ್ಲಿ ಗಾಜಿನ ಮೀನುತೊಟ್ಟಿಯೂ ಈ ಸಾಲಿಗೆ ಸೇರಿದೆ. ಯಾವ ಊರಿನಲ್ಲಾದರೂ ವಿಚಾರಿಸಿ ನೋಡಿ. ಯಾರದೋ ಮಹಡಿಯ ಮೇಲೆ, ಯಾರದೋ ಕಾರುಷೆಡ್ಡಿನ ಮೂಲೆಯಲ್ಲಿ, ಬತ್ತಿದ ತೊಟ್ಟಿಯೊಂದು ಧೂಳು ತುಂಬಿಕೊಂಡು ಕುಳಿತಿರುತ್ತದೆ. ಇವು ಹೀಗೇಕೆ ಬತ್ತುತ್ತವೆ, ಬತ್ತಿದ್ದನ್ನು ಮತ್ತೆ ತುಂಬಿಸಹೊರಟವನು ಮೊದಲು ಏನನ್ನು ತಿಳಿದಿರಬೇಕು ಎಂಬ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಕೈಕೆಲಸದಿಂದ ಗಳಿಸಿದ ಅಭಿಪ್ರಾಯವಾದುದರಿಂದ ಅದನ್ನು ಓದುಗರ ಮುಂದಿಡಲು ಸಂಕೋಚವಿಲ್ಲ.

ಕಳೆದ ವರ್ಷ, ವರ್ಗವಾಗಿ ಊರು ಬಿಡುತ್ತಿದ್ದ ಕುಟುಂಬವೊಂದರಿಂದ ನಾನು ಅಂಥದೊಂದು ತೊಟ್ಟಿಯನ್ನು ಅದರ ಸ್ಟ್ಯಾಂಡಿನೊಡನೆ ಕೊಂಡೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. ಕೊಳವೆಬಾವಿಯ ಗಡುಸು ನೀರಿನಿಂದ ಗಾಜಿನ ಮೇಲೆ ಸುಣ್ಣದ ಬಿಳಿಯ ಪೊರೆ ಕಟ್ಟಿತ್ತು. ಒಂದು ಮೂಲೆಯ ಬೆಸುಗೆ ಸೋರುತ್ತಿತ್ತು. ಸ್ಟ್ಯಾಂಡಿನ ಕಬ್ಬಿಣದ ಕಾಲುಗಳಿಗೆ ತುಕ್ಕು ಹತ್ತಿತ್ತು. ಅದರ ಮೇಲಿನ ಹಲಗೆ ನೀರು ಕುಡಿದು ಉಬ್ಬಿತ್ತು.

ಜನರು ಇದನ್ನು ಮೇಜಿನ ಮೇಲಿಡುವ ಹೂದಾನಿಯಂಥ ಅಲಂಕಾರವೆಂದು ಭಾವಿಸುತ್ತಾರೆ. ಲೆಕ್ಕ ಹಾಕಿದರೆ ಭ್ರಮೆ ಹರಿಯುತ್ತದೆ. ಮೇಲೆ 2 ಅಂಗುಲ ಬಿಟ್ಟು ತುಂಬಿದರೂ ಈ ಅಳತೆಯ ತೊಟ್ಟಿ ಸುಮಾರು 310 ಲೀಟರ್ ನೀರನ್ನು ಹಿಡಿಯುತ್ತದೆ. 10 ಮಿಲಿಮೀಟರ್ ದಪ್ಪದ ಗಾಜಿನದೇ ಸುಮಾರು 65 ಕಿಲೋ. ಮರಳು, ಕಲ್ಲು ಸೇರಿದರೆ ಒಟ್ಟು ಭಾರ 4 ಕ್ವಿಂಟಲಿನ ಆಸುಪಾಸು. ಎಂದರೆ ಆರು ಮಂದಿ ದೃಢಕಾಯರು ಹಗಲಿರುಳೂ ಒಂದೇ ಸ್ಟ್ಯಾಂಡಿನ ಮೇಲೆ ಕುಳಿತಂತೆ. ಆದುದರಿಂದ ನನ್ನ ಕೆಲಸ ಸ್ಟ್ಯಾಂಡಿನಿಂದಲೇ ಮೊದಲಾಯಿತು. ತುಕ್ಕನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ತುಕ್ಕು ತಿಂದ ಒಂದು ಕಾಲಿಗೆ ಹೊಸ ಆಂಗಲ್ ಪಟ್ಟಿ ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಎರಡು ಸಲ ಬಣ್ಣ ಕೊಟ್ಟದ್ದಾಯಿತು. ಉಬ್ಬಿದ ಹಲಗೆಯನ್ನು ತೆಗೆದುಹಾಕಿ ದಪ್ಪನೆಯ ಪ್ಲೈವುಡ್ ಕೂಡಿಸಿ, ಗಾರೆ ಕೆಲಸದವರು ನೆಲದ ಮಟ್ಟ ನೋಡುವ ನೀರಿನ ಕೊಳವೆಯಿಂದ ನಾಲ್ಕು ಮೂಲೆಗಳನ್ನೂ ಸಮ ಮಾಡಿದೆ. ಸ್ಟ್ಯಾಂಡು ಓರೆಯಾಗಿದ್ದರೆ ಆ ಓರೆಯ ಸಂಕಟವನ್ನೆಲ್ಲ ಗಾಜಿನ ಯಾವುದೋ ಒಂದು ಬೆಸುಗೆ ಅನುಭವಿಸಬೇಕಾಗುತ್ತದೆ.

ಸೋರುವ ಮೂಲೆಗೆ ಮೇಲಿಂದ ಸ್ವಲ್ಪ ಸಿಲಿಕೋನ್ ಹಚ್ಚಿದರೆ ಸಾಕೆಂದು ಹೇಳುವವರಿದ್ದರು. ಆದರೆ ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಸರಿಯಾಗಿ ಅಂಟುವುದಿಲ್ಲ. ತೇಪೆ ಹಾಕಿದ ಸ್ಥಳವೇ ನಾಳೆ ಬಾಯಿ ಬಿಡುತ್ತದೆ. ಗಾಜಿನ ಕೆಲಸ ಬಲ್ಲವರೊಬ್ಬರ ನೆರವಿನಿಂದ ಆ ಬದಿಯ ಗಾಜನ್ನು ಪೂರ್ತಿ ಬಿಡಿಸಿ, ಹಳೆಯದನ್ನೆಲ್ಲ ಅಲಗಿನಿಂದ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಹೊಸದಾಗಿ ಕೂಡಿಸಿದೆವು. ಸ್ನಾನದ ಮನೆಗೆಂದು ಮಾರುವ, ಬೂಷ್ಟು ತಡೆಯುವ ವಿಷ ಬೆರೆತ ಸಿಲಿಕೋನ್ ಇದಕ್ಕೆ ಸಲ್ಲದು. ಹುಳಿ ವಾಸನೆ ಪೂರ್ತಿ ಅಡಗಲೆಂದು ಒಂದು ವಾರ ಮುಟ್ಟದೆ ಬಿಟ್ಟೆ. ಸುಣ್ಣದ ಪೊರೆ ವಿನಿಗರಿಗೆ ಕರಗಿತು. ಬಳಿಕ ಅಂಗಳದಲ್ಲಿ, ಅಡಿಯಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿ, ಹಂತ ಹಂತವಾಗಿ ನೀರು ತುಂಬಿ ಮೂರು ದಿನ ನೋಡಿದೆ. ಪತ್ರಿಕೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಕೆಲಸ ಇಲ್ಲಿಗೆ ಮುಗಿಯಿತೆಂದು ನೋಡಿದವರೆಲ್ಲ ತಿಳಿದರು. ನನ್ನ ವಾದ ಮೊದಲಾಗುವುದೇ ಇಲ್ಲಿಂದ. ಇದುವರೆಗೆ ದುರಸ್ತಿಯಾದದ್ದು ಪಾತ್ರೆ. ಮೀನು ಬಾಳಬೇಕಾದದ್ದು ನೀರಿನಲ್ಲಿ. ತೊಟ್ಟಿಯನ್ನು ಒಳಗೆ ತಂದು, ಮರಳು ಹಾಸಿ, ಕ್ಲೋರಿನ್ ಕಳೆದ ನೀರು ತುಂಬಿ, ಶೋಧಕವನ್ನು ಓಡಿಸಿ, ಒಂದು ಮೀನನ್ನೂ ಬಿಡದೆ ದಿನಕ್ಕೊಂದು ಚಿಟಿಕೆ ಆಹಾರ ಹಾಕತೊಡಗಿದೆ. ಪಕ್ಕದ ಮನೆಯ ಹುಡುಗ ಎರಡು ದಿನ ನೋಡಿ, “ತಾತ, ನೀವು ನೀರಿಗೇ ಊಟ ಹಾಕ್ತೀರಾ?” ಎಂದ. ನಕ್ಕುಬಿಟ್ಟೆನಾದರೂ ಅವನ ಮಾತು ಅಕ್ಷರಶಃ ನಿಜವಾಗಿತ್ತು.

ಮೀನು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ; ಕೊಳೆತ ಆಹಾರದಿಂದ ಹುಟ್ಟುವುದೂ ಅದೇ. ಹೊಳೆಯಲ್ಲಿ ಹರಿದುಹೋಗುವ ಈ ವಿಷ ತೊಟ್ಟಿಯಲ್ಲಿ ಮೀನಿನ ಸುತ್ತಲೇ ಉಳಿಯುತ್ತದೆ. ಅದನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟೊಂದು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿವೆ. ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಇವನ್ನು ಬೇರ್ಪಡಿಸಿ ತೋರಿಸಿದರು. ಎರಡೂ ಕೆಲಸಗಳನ್ನು ಒಂದೇ ಜೀವಿ ಮಾಡಬಲ್ಲದೆಂಬುದು ತಿಳಿದದ್ದು 2015ರಲ್ಲಿ. ಇವು ಶೋಧಕದ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀರು ಕಣ್ಣಿಗೆ ಮೊದಲ ದಿನದಿಂದಲೇ ತಿಳಿಯಾಗಿರಬಹುದು, ಹದವಾಗಿರುವುದಿಲ್ಲ. ನಡೆಯುತ್ತಿರುವ ತೊಟ್ಟಿಯೊಂದರಿಂದ ಹಸಿಯಾದ ಸ್ಪಂಜಿನ ತುಂಡನ್ನು ತಂದಿಟ್ಟರೆ ಕಾಲ ಕಡಮೆಯಾದೀತು. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದು. ನಾನು ಕೊಂಡ ತೊಟ್ಟಿಯ ಸ್ಪಂಜು ಎಂದೋ ಒಣಗಿ ಹೋಗಿದ್ದುದರಿಂದ ಆ ಹೆಪ್ಪು ನನಗೆ ದೊರೆಯಲಿಲ್ಲ. ಗಾಜು ಕೈಬದಲಾಯಿತೇ ಹೊರತು ನೀರಿನ ಹದ ಕೈಬದಲಾಗಲಿಲ್ಲ.

ಮೀನುತೊಟ್ಟಿಯ ಚರಿತ್ರೆಯ ಆರಂಭದಲ್ಲಿಯೇ ಈ ಪಾಠವಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತಮ್ಮ ಪ್ರಯೋಗವನ್ನು ಅಲ್ಲಿನ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದರು. ಹೊಂಬಣ್ಣದ ಮೀನುಗಳೊಡನೆ ಅವರು ನೀರುಗಿಡವನ್ನು ನೆಟ್ಟಿದ್ದರು. ಅದರ ಎಲೆ ಕೊಳೆತು ನೀರು ಕದಡಿದಾಗ ಬಸವನಹುಳುಗಳನ್ನು ತಂದುಬಿಟ್ಟರು. ಒಂದು ಜೀವದ ಕಸ ಇನ್ನೊಂದರ ಆಹಾರವಾಗುವ ಏರ್ಪಾಟನ್ನು ಅವರು ಕಾದು ನೋಡಿ ಕಂಡುಕೊಂಡರು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು; ಮರುವರ್ಷ ಗಾಸ್ ಅವರ ಪುಸ್ತಕ ಬಂದಿತು; ಮನೆಮನೆಯಲ್ಲೂ ತೊಟ್ಟಿಯ ಗೀಳು ಹತ್ತಿತು. 1860ರ ದಶಕ ಮುಗಿಯುವ ವೇಳೆಗೆ ಆ ಗೀಳು ಇಳಿದೂ ಹೋಯಿತು. ಗೀಳಿಗೆ ಪಾತ್ರೆ ಸಾಕು. ಬಾಳಿಕೆಗೆ ತಾಳ್ಮೆಯೂ ಬೇಕು.

ಇಂದೂ ನಡೆಯುತ್ತಿರುವುದು ಇದೇ. ಬೆಳಗ್ಗೆ ತೊಟ್ಟಿ, ಸಂಜೆ ಮೀನು. ವಾರದೊಳಗೆ ಮೀನುಗಳು ಒಂದೊಂದಾಗಿ ತೇಲುತ್ತವೆ. ಮಕ್ಕಳು ಅಳುತ್ತಾರೆ, ಹಿರಿಯರು ‘ನಮ್ಮ ಕೈಗುಣ ಸರಿಯಿಲ್ಲ’ ಎನ್ನುತ್ತಾರೆ, ತೊಟ್ಟಿ ಮಹಡಿ ಹತ್ತುತ್ತದೆ. ಇದರಲ್ಲಿ ಕೈಗುಣದ ಪ್ರಶ್ನೆಯೇ ಇಲ್ಲ. ಬೇಸತ್ತವರಲ್ಲಿ ಕೆಲವರು ಉಳಿದ ಮೀನನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುತ್ತಾರೆ. ಗಾಜಿನ ಪಾಚಿ ತಿನ್ನಲೆಂದು ಬೆರಳುದ್ದವಿದ್ದಾಗ ಮಾರುವ ಸಕರ್ ಮೀನು ದಕ್ಷಿಣ ಅಮೆರಿಕದ್ದು. ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಹೀಗೆ ಹೊರಬಿದ್ದ ಆ ಮೀನು ಭಾರತದ ಹಲವು ಜಲಾಶಯಗಳಲ್ಲಿ ನೆಲೆಯೂರಿ ಅಲ್ಲಿನ ಮೀನುಗಳಿಗೂ ಬೆಸ್ತರ ಬಲೆಗಳಿಗೂ ಕಂಟಕವಾಗಿದೆ. ಒಂದು ಮನೆಯ ಅವಸರದ ದಂಡವನ್ನು ಊರ ಕೆರೆ ತೆರಬೇಕಾಗಿದೆ.

ಮೀನನ್ನು ಗಾಜಿನೊಳಗೆ ಸೆರೆಯಿಡುವುದೇ ಸಲ್ಲದೆಂದು ವಾದಿಸುವವರಿದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಟ್ಟುಕೊಳ್ಳುವುದೇ ಆದರೆ ಆ ಜೀವಕ್ಕೆ ನಾವು ಋಣಿಗಳು. ಆ ಋಣದ ಮೊದಲನೆಯ ಕಂತು ಖಾಲಿ ತೊಟ್ಟಿಯ ಮುಂದೆ ಕಳೆಯುವ ಆ ಆರು ವಾರ. ಮೀನು ಮಾರುವವರು ತೊಟ್ಟಿ ಕೊಂಡ ದಿನವೇ ಮೀನು ಕೊಡಲಾರೆವೆಂದು ಹೇಳುವ ಧೈರ್ಯ ಮಾಡಬೇಕು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಸೂಚನೆ. ಶಾಲೆಗೊಂದು ಹಳೆಯ ತೊಟ್ಟಿಯನ್ನು ತನ್ನಿ. ಮಕ್ಕಳಿಂದಲೇ ಸ್ಟ್ಯಾಂಡಿನ ತುಕ್ಕು ಉಜ್ಜಿಸಿ, ನೀರಿನ ಭಾರದ ಲೆಕ್ಕ ಮಾಡಿಸಿ. ಬಳಿಕ ಪರೀಕ್ಷೆಯ ದ್ರಾವಣದ ಹನಿ ಹಾಕಿ ಅಮೋನಿಯಾ ಏರಿ ಇಳಿಯುವುದನ್ನು, ನೈಟ್ರೈಟ್ ತಲೆಯೆತ್ತಿ ಅಡಗುವುದನ್ನು ಅವರು ದಿನಕ್ಕೊಂದು ಸಾಲಿನಂತೆ ಬರೆದಿಡಲಿ. ಎರಡೂ ಸೊನ್ನೆಗೆ ಇಳಿದ ದಿನ, ಒಂದಷ್ಟು ನೀರು ಬದಲಿಸಿ, ನಾಲ್ಕೇ ನಾಲ್ಕು ಸಣ್ಣ ಮೀನುಗಳನ್ನು ಬಿಡಲಿ. ನಮ್ಮ ತೊಟ್ಟಿಗೆ ಆ ದಿನ ಬಂದದ್ದು ಮೂವತ್ತೊಂಬತ್ತನೆಯ ದಿನ. ಪಕ್ಕದ ಮನೆಯ ಹುಡುಗನ ನೋಟುಪುಸ್ತಕದಲ್ಲಿ ಅದರ ದಾಖಲೆಯಿದೆ. ಮೊದಲನೆಯ ಮೀನನ್ನು ಬಿಟ್ಟವನೂ ಅವನೇ.