ಸಂಜೆ 5ಕ್ಕೆ ಬಂದವನಿಗೂ ಪೂರ್ತಿ ಕೂಲಿ!

ಏಪ್ರಿಲ್ ಬಂತು ಅಂದ್ರೆ ಐಟಿಯವರ ಬಾಯಲ್ಲಿ ಒಂದೇ ಮಾತು, 'ನಿಂಗೆಷ್ಟು ಹೈಕ್ ಆಯ್ತು?' ನಮಗೆ ಸಿಕ್ಕಿದ್ದು ಖುಷಿ ಕೊಡುತ್ತೆ, ಪಕ್ಕದ ಸೀಟಿನವನಿಗೂ ಅಷ್ಟೇ ಸಿಕ್ಕಿದೆ ಅಂತ ಗೊತ್ತಾಗೋವರೆಗೆ. 'ನಾನು ರಾತ್ರಿಯೆಲ್ಲ ರಿಲೀಸ್ ನೋಡ್ಕೊಂಡೆ, ಅವನು ಜಾಯಿನ್ ಆಗಿದ್ದೇ ಮೊನ್ನೆ' ಅಂತ ಹೊಟ್ಟೆಉರಿ ಶುರು.

ಈ ಹೊಟ್ಟೆಉರಿ ಬಗ್ಗೆ ಯೇಸು ಹೇಳಿದ ಕಥೆಯೊಂದು ಬೈಬಲ್ಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ದ್ರಾಕ್ಷಿತೋಟದ ಯಜಮಾನ ಬೆಳ್ಳಂಬೆಳಗ್ಗೆ ಹೋಗಿ, ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಡಿ ಕೂಲಿಯವರನ್ನು ಕರೆತರುತ್ತಾನೆ. ಮತ್ತೆ 9ಕ್ಕೆ, 12ಕ್ಕೆ, 3ಕ್ಕೆ ಹೋಗಿ ಇನ್ನಷ್ಟು ಜನರನ್ನು ಕಳಿಸುತ್ತಾನೆ. ಸಂಜೆ 5ಕ್ಕೆ ಹೋದರೂ ಕೆಲವರು ಸುಮ್ಮನೆ ನಿಂತಿದ್ದಾರೆ. ಯಾಕೆ ಅಂದ್ರೆ, ಯಾರೂ ನಮ್ಮನ್ನು ಕರೀಲಿಲ್ಲ ಅಂತಾರೆ. ಅವರಿಗೂ ಕೆಲಸ ಕೊಡುತ್ತಾನೆ. ಬಟವಾಡೆ ಶುರುವಾಗೋದು ಕೊನೆಗೆ ಬಂದವರಿಂದ. ಅವರ ಕೈಗೆ ಪೂರ್ತಿ ಒಂದು ನಾಣ್ಯ! ದಿನವಿಡೀ ಬಿಸಿಲಲ್ಲಿ ಬೆಂದವರು ನಮಗೆ ಜಾಸ್ತಿ ಸಿಗುತ್ತೆ ಅಂದ್ಕೋತಾರೆ. ಅವರಿಗೂ ಅದೇ ಒಂದು ನಾಣ್ಯ.

ಮೊದಲ ಸಲ ಓದಿದಾಗ ನನಗೂ ಕೋಪ ಬಂದಿತ್ತು. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ' ಅನ್ನೋದು ಇದಕ್ಕೇ ಇರಬೇಕು ಅನ್ನಿಸಿತ್ತು. ಆದರೆ ಲೆಕ್ಕ ನೋಡಿ. ಬೆಳಗ್ಗೆ ಬಂದವರಿಗೆ ಮಾತಾಡಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಅವರಿಗೇ ಮೊದಲು ಕೊಟ್ಟು ಕಳಿಸಿದ್ದರೆ ಗಲಾಟೆನೇ ಇರ್ತಿರಲಿಲ್ಲ. ಪಕ್ಕದವನ ಅಂಗೈ ನೋಡಿದ ಮೇಲೇ ತಮ್ಮ ನಾಣ್ಯ ಚಿಕ್ಕದಾಗಿ ಕಂಡಿದ್ದು.

ಬೆಂಗಳೂರಿನ ಎಷ್ಟೋ ಸರ್ಕಲ್‌ಗಳಲ್ಲಿ ಬೆಳಗ್ಗೆ ಗಾರೆ ಕೆಲಸದವರು ನಿಂತಿರ್ತಾರೆ. ಗಟ್ಟಿಮುಟ್ಟಾದವರನ್ನು ಮೇಸ್ತ್ರಿಗಳು ಮೊದಲು ಕರ್ಕೊಂಡು ಹೋಗ್ತಾರೆ. ಹೊತ್ತೇರಿದರೂ ಅಲ್ಲೇ ಉಳಿದವರು ಸೋಮಾರಿಗಳಲ್ಲ, ಯಾರಿಗೂ ಬೇಡವಾದವರು. ಕಥೆಯಲ್ಲಿ 5 ಗಂಟೆಗೆ ನಿಂತಿದ್ದವರೂ ಅವರೇ. ಒಂದು ಗಂಟೆಯ ಕೂಲಿಯಷ್ಟೇ ಕೊಟ್ಟಿದ್ದರೆ ಆ ರಾತ್ರಿ ಮನೇಲಿ ಒಲೆ ಹತ್ತುತ್ತಿರಲಿಲ್ಲ. ಯಜಮಾನ ಗಂಟೆ ಎಣಿಸಲಿಲ್ಲ, ಅವರ ಅಗತ್ಯ ನೋಡಿದ. ಕ್ರೈಸ್ತರು ಕೃಪೆ ಅನ್ನೋದು ಇದಕ್ಕೇ. 'ಮಾಡಿದ್ದುಣ್ಣೋ ಮಹಾರಾಯ' ಅನ್ನೋ ಲೆಕ್ಕಕ್ಕೆ ಇದು ಸಿಗೋದೇ ಇಲ್ಲ.

ಹಾಗಾದರೆ ತಪ್ಪು ಮಾಡಿದವನೂ ಸುಲಭವಾಗಿ ಪಾರಾಗಬಹುದಾ? ಈ ಪ್ರಶ್ನೆಗೆ ಜಾನ್ ನ್ಯೂಟನ್ ನೆನಪಾಗ್ತಾನೆ. 'ಅಮೇಜಿಂಗ್ ಗ್ರೇಸ್' ಬರೆದ ಈ ಇಂಗ್ಲಿಷ್ ಪಾದ್ರಿ ಮೊದಲು ಆಫ್ರಿಕಾದ ಜನರನ್ನು ಗುಲಾಮರಾಗಿ ಸಾಗಿಸುವ ಹಡಗುಗಳಲ್ಲಿದ್ದವನು. 1748ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಬದುಕಿ ಬಂದ. ಆದರೂ ತಕ್ಷಣ ಸಂತನಾಗಲಿಲ್ಲ. 1754ರವರೆಗೂ ಅದೇ ವ್ಯಾಪಾರದಲ್ಲಿದ್ದ, ಕ್ಯಾಪ್ಟನ್ ಕೂಡ ಆದ. ಆ ದಂಧೆಯ ಕ್ರೌರ್ಯವನ್ನು, ಅದರಲ್ಲಿ ತನ್ನ ಪಾಲನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ್ದು 1788ರಲ್ಲಿ. ಬ್ರಿಟಿಷ್ ಪಾರ್ಲಿಮೆಂಟ್ ಗುಲಾಮರ ವ್ಯಾಪಾರ ನಿಷೇಧಿಸಿದ 1807ರಲ್ಲೇ ತೀರಿಕೊಂಡ. ಅವನ ಹಡಗಿನಲ್ಲಿ ಸರಪಳಿಯಲ್ಲಿದ್ದವರಿಗೆ ಇದರಿಂದ ಏನೂ ವಾಪಸ್ ಬರಲಿಲ್ಲ ಅನ್ನೋದನ್ನು ಮರೆಯೋ ಹಾಗಿಲ್ಲ. ಕೃಪೆ ಅವನ ಹಳೇ ಲೆಕ್ಕ ಅಳಿಸಿ ಆರಾಮಾಗಿರು ಅನ್ನಲಿಲ್ಲ. ನಿಧಾನವಾಗಿಯಾದರೂ, ಸತ್ಯ ಹೇಳುವ ಧೈರ್ಯ ಕೊಟ್ಟಿತು.

ಈ ಕಥೆ ಓದುವಾಗ ನಾವೆಲ್ಲ ಬೆಳಗ್ಗೆ ಬಂದವರ ಪಕ್ಷ. ನಾವು ಕಷ್ಟಪಟ್ಟು ಮೇಲೆ ಬಂದವರು ಅನ್ನೋ ನಂಬಿಕೆ. ಆದರೆ ಅಪ್ಪ ಸಾಲ ಮಾಡಿ ಕಟ್ಟಿದ ಇಂಜಿನಿಯರಿಂಗ್ ಫೀಸು, ಅಮ್ಮ ನಸುಕಿಗೇ ಎದ್ದು ಕಟ್ಟಿಕೊಟ್ಟ ಡಬ್ಬಿ, ಮೊದಲ ಕೆಲಸಕ್ಕೆ ರೆಫರ್ ಮಾಡಿದ ಸೀನಿಯರ್... ಇದ್ಯಾವುದನ್ನೂ ನಾನು ದುಡಿದು ಗಳಿಸಿಲ್ಲ. ಕೂತು ಲೆಕ್ಕ ಹಾಕಿದರೆ ನಾನೂ 5 ಗಂಟೆಯ ಸಾಲಿನವನೇ. ನೀವು?