ರಿಕವರಿ ಗೊತ್ತಿದ್ದ ಅಪ್ಪ, ಇನರ್ಷಿಯಾ ಗೊತ್ತಿಲ್ಲದ ನಾನು

‘ನಾನು ಆರ್ಟ್ಸೇ ತಕತೀನಿ ಕನಣ್ಣ. ಸೈನ್ಸು ಪೂರ್ತಿ ಇಂಗ್ಲಿಷ್‌ನಲ್ಲಿರ್ತದಂತಲ್ಲ...’

ದಸರಾ ರಜೆ ಮುಗಿದ ವಾರ ನಮ್ಮ ಪಕ್ಕದ ಮನೆಯ ಹುಡುಗಿ ಹೀಗಂದಾಗ ನಾನು ಬ್ಯಾಂಕ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಜಗಲಿ ಮೇಲೆ ಕೂತಿದ್ದೆ. ಅವಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಅದಕ್ಕೆ ಎರಡು ದಿನ ಮುಂಚೆಯಷ್ಟೇ ನೀರಿನ ಲೋಟದಲ್ಲಿ ಚಮಚ ಇಟ್ಟು, ಅದು ಮುರಿದಂತೆ ಯಾಕೆ ಕಾಣುತ್ತದೆ ಎಂದು ತನ್ನ ಅಜ್ಜಿಗೆ ವಿವರಿಸುತ್ತಿದ್ದಳು. ‘ಬೆಳಕು ನೀರಿಂದ ಗಾಳಿಗೆ ಬರೋವಾಗ ದಾರಿ ಬದಲಾಯಿಸ್ತದೆ ಕಣಜ್ಜಿ, ಅದೇ ವಕ್ರೀಭವನ’ ಅಂತ. ಅಜ್ಜಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಗೋಡೆಯಾಚೆ ಇದ್ದ ನನಗಂತೂ ಚೆನ್ನಾಗಿ ತಿಳಿಯಿತು. ಅಂಥ ಹುಡುಗಿ ವಿಜ್ಞಾನ ಬೇಡ ಅನ್ನುತ್ತಿದ್ದಾಳೆ. ವಿಜ್ಞಾನ ಬಾರದೆ ಅಲ್ಲ, ರಿಫ್ರ್ಯಾಕ್ಷನ್ ಎಂಬ ಪದ ಗೊತ್ತಿಲ್ಲದೆ.

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಯಾಕೆಂದರೆ ಆ ದಾರಿಯಲ್ಲಿ ನಡೆದು ಎಡವಿದವನು ನಾನೇ.

ನಾನೂ ಗುತ್ತಲಿನವನು. ಊರು ಈಗ ಮಂಡ್ಯ ಟೌನಿನೊಳಗೆ ಸೇರಿಹೋಗಿದ್ದರೂ ನಮ್ಮ ಮನೆಯಲ್ಲಿ ಇನ್ನೂ ಕಬ್ಬಿನ ಮಾತೇ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಬಂದಿತ್ತು. ಆ ಧೈರ್ಯದ ಮೇಲೆ ಪಿಯುಸಿಗೆ ಸೈನ್ಸ್ ತೆಗೆದುಕೊಂಡೆ. ಮೊದಲ ತಿಂಗಳು ಭೌತಶಾಸ್ತ್ರದ ಮೇಷ್ಟ್ರು ‘ಇನರ್ಷಿಯಾ, ಇನರ್ಷಿಯಾ’ ಅನ್ನುತ್ತಿದ್ದರು. ಅದೇನೋ ಹೊಸ ಗ್ರಹದ ಹೆಸರು ಎಂಬಂತೆ ಬರೆದುಕೊಳ್ಳುತ್ತಿದ್ದೆ. ಕೇಳಲು ನಾಚಿಕೆ. ಮುಂದಿನ ಬೆಂಚಿನವರು ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ನವೆಂಬರ್‌ನಲ್ಲಿ ಒಂದು ದಿನ ಗೊತ್ತಾಯಿತು, ಇನರ್ಷಿಯಾ ಅಂದರೆ ಜಡತ್ವ! ಒಂಬತ್ತನೇ ತರಗತಿಯಲ್ಲಿ ಉದಾಹರಣೆ ಸಮೇತ ಬರೆದು ಐದಕ್ಕೆ ಐದು ತೆಗೆದಿದ್ದ ಅದೇ ಜಡತ್ವ. ಬಸ್ಸು ತಟಕ್ಕನೆ ನಿಂತಾಗ ನಾವು ಮುಂದಕ್ಕೆ ಮುಗ್ಗರಿಸುವ ಅದೇ ಜಡತ್ವ. ಅಷ್ಟರಲ್ಲಿ ಎರಡು ಟೆಸ್ಟ್ ಹೋಗಿದ್ದವು, ಮನಸ್ಸೂ ಹೋಗಿತ್ತು. ಮುಂದಿನ ವರ್ಷ ಕಾಮರ್ಸ್‌ಗೆ ಸೇರಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಇದರಲ್ಲಿ ಮೇಷ್ಟ್ರ ತಪ್ಪಿಲ್ಲ. ನನಗೆ ದಡ್ಡತನವೂ ಇರಲಿಲ್ಲ ಎಂದು ಈಗ ಹೇಳಬಲ್ಲೆ. ಗೊತ್ತಿದ್ದ ವಿಷಯಕ್ಕೂ ಗೊತ್ತಿಲ್ಲದ ಹೆಸರಿಗೂ ನಡುವೆ ಯಾರೂ ಒಂದು ಹಲಗೆ ಹಾಕಿರಲಿಲ್ಲ, ಅಷ್ಟೇ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಕನ್ನಡದಲ್ಲಿ ವಿಜ್ಞಾನ ಹೇಳಿದರು, ಇಂಗ್ಲಿಷ್ ಮೇಷ್ಟ್ರು ಪದ್ಯ ಹೇಳಿದರು. ವೇಗೋತ್ಕರ್ಷ, ಸಂವೇಗ, ದ್ಯುತಿಸಂಶ್ಲೇಷಣೆ, ಲಸಾಅ, ಮಸಾಅ ಇವುಗಳ ಇಂಗ್ಲಿಷ್ ಹೆಸರು ಯಾರ ಪಾಲಿಗೂ ಬೀಳಲಿಲ್ಲ.

ಹಾಗಾದರೆ ಹೈಸ್ಕೂಲಿನಲ್ಲಿ ನಾವು ಇಂಗ್ಲಿಷ್ ಪದ ಕಲಿಯಲೇ ಇಲ್ಲವೇ? ಕಲಿತೆವು, ದಿನಕ್ಕೆ ಹತ್ತರಂತೆ! ಬೋರ್ಡಿನ ಬಲಮೂಲೆಯಲ್ಲಿ ‘ನ್ಯೂ ವರ್ಡ್ಸ್’, ಎದುರಿಗೆ ಕನ್ನಡ ಅರ್ಥ. ಬೆಳಗ್ಗೆ ಒಪ್ಪಿಸುವುದು, ಸಂಜೆಗೆ ಮರೆಯುವುದು. ಪರೀಕ್ಷೆ ಹತ್ತಿರ ಬಂದಾಗ ‘ಪಾಸಿಂಗ್ ಪ್ಯಾಕೇಜ್’. ಒಂದು ರಜಾ ಚೀಟಿ, ಒಂದು ದೂರು ಪತ್ರ, ಒಂದು ಪದ್ಯ ಬಾಯಿಪಾಠ. ಇಂಗ್ಲಿಷ್ ಬಾರದೆಯೂ ಇಂಗ್ಲಿಷ್‌ನಲ್ಲಿ ಪಾಸಾಗಬಹುದು ಎಂಬ ವಿದ್ಯೆಯನ್ನು ನಾವು ಅಲ್ಲೇ ಕಲಿತದ್ದು. ಫೇಲಾಗುವ ಮಕ್ಕಳಿಗೆ ಅದು ಆಸರೆ, ತಳ್ಳಿಹಾಕಲಾರೆ. ಆದರೆ ಅದರ ಬಾಕಿ ಪಿಯುಸಿಯಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ.

ಈ ಮಾತಿಗೆ ನಮ್ಮಪ್ಪನನ್ನು ಸೇರಿಸಲೇಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರ ಬಾಯಲ್ಲಿ ಒಂದು ದಿನಕ್ಕೆ ಎಷ್ಟು ಇಂಗ್ಲಿಷ್ ಪದ ಬರುತ್ತವೆ ಎಂದು ಒಮ್ಮೆ ಸುಮ್ಮನೆ ಬರೆಯುತ್ತಾ ಹೋದೆ. ಕಟಿಂಗ್ ಆರ್ಡರ್, ಪರ್ಮಿಟ್, ಸೀಸನ್, ಕ್ರಷಿಂಗ್, ಲೋಡ್, ಬ್ಯಾಲೆನ್ಸ್, ಸಬ್ಸಿಡಿ, ಸ್ಟಾರ್ಟರ್, ಸಿಂಗಲ್ ಫೇಸ್, ತ್ರೀ ಫೇಸ್, ವೋಲ್ಟೇಜ್, ಡ್ಯೂ. ನಲವತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಇದರಲ್ಲಿ ‘ರಿಕವರಿ’ ಎಂಬ ಪದವನ್ನು ಅವರಷ್ಟು ಕರಾರುವಾಕ್ಕಾಗಿ ಬಳಸುವವರನ್ನು ನಾನು ಕೋಚಿಂಗ್ ಸೆಂಟರಿನಲ್ಲೂ ನೋಡಿಲ್ಲ. ನೂರು ಕೆ.ಜಿ. ಕಬ್ಬು ಅರೆದರೆ ಎಷ್ಟು ಕೆ.ಜಿ. ಸಕ್ಕರೆ ಸಿಗುತ್ತದೆ ಎಂಬುದು ರಿಕವರಿ. 1933ರಲ್ಲಿ ಮೈಷುಗರ್ ಕಂಪನಿ ಶುರುವಾದಾಗಿನಿಂದ ಈ ಸೀಮೆಯ ರೈತರ ಹಣೆಬರಹ ಆ ಪದದ ಜೊತೆ ಅಂಟಿಕೊಂಡಿದೆ. ಕಬ್ಬು ಕಡಿದು ಬಿಸಿಲಿಗೆ ಬಿಟ್ಟರೆ ರಿಕವರಿ ಬೀಳುತ್ತದೆ, ರಿಕವರಿ ಕಡಿಮೆ ತೋರಿಸಿದರೆ ರೇಟು ಬೀಳುತ್ತದೆ ಎಂದು ಅಪ್ಪ ಯಾರಿಗೆ ಬೇಕಾದರೂ ಪಾಠ ಹೇಳುತ್ತಾರೆ.

ಅದೇ ಪದ ಆಸ್ಪತ್ರೆಯಲ್ಲಿ ‘ಪೇಷಂಟ್ ರಿಕವರಿ ಆಗ್ತಾವ್ರೆ’, ಬ್ಯಾಂಕಿನಲ್ಲಿ ‘ಲೋನ್ ರಿಕವರಿ’. ಮೂರೂ ಕಡೆ ಒಳಗಿನ ಅರ್ಥ ಒಂದೇ, ಹೋದದ್ದನ್ನೋ ಅಡಗಿದ್ದನ್ನೋ ಮರಳಿ ಪಡೆಯುವುದು. ಪಕ್ಕದ ಮನೆ ಹುಡುಗಿಗೆ ಇದನ್ನು ಹೇಳಿದಾಗ ಅವಳೇ ನಾಲ್ಕನೆಯದು ಸೇರಿಸಿದಳು: ‘ಮೊಬೈಲಲ್ಲಿ ಡಿಲೀಟಾದ ಫೋಟೋ ರಿಕವರಿ ಮಾಡ್ತಾರಲ್ಲಣ್ಣ!’

ಆ ಕ್ಷಣದಿಂದ ನಮ್ಮ ಪಾಠ ಶುರುವಾಯಿತು ಅನ್ನಬಹುದು. ಹೊಸ ಪದ ತರುವ ಮುಂಚೆ ಮನೆಯಲ್ಲಿರುವ ಪದಗಳ ಲೆಕ್ಕ ತೆಗೆಯುವುದು. ಅವಳು ಒಂದು ನೋಟ್‌ಬುಕ್ ಮಾಡಿದಳು. ಗೊಬ್ಬರದ ಚೀಲದ ಮೇಲಿನದು, ರೈಲ್ವೆ ಸ್ಟೇಷನ್ನಿನ ಬೋರ್ಡಿನದು, ಅಜ್ಜಿಯ ಮಾತ್ರೆ ಪಟ್ಟಿಯದು, ಮೊಬೈಲಿನದು. ಫೋನಿನಲ್ಲಿ ದುಡ್ಡು ಕಳಿಸಲು ಹೋದಾಗ ಬರುತ್ತದಲ್ಲ, ‘ಇನ್‌ಸಫಿಷಿಯೆಂಟ್ ಬ್ಯಾಲೆನ್ಸ್’? ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಬಹಳ ಪರಿಚಿತ ಪದ. ಅದರ ಮುಂದಿನ ‘ಇನ್’ ತೆಗೆದರೆ ಸಫಿಷಿಯೆಂಟ್, ಅಂದರೆ ಸಾಕಷ್ಟು. ಒಂದು ಪದ ಬಿಡಿಸಿದರೆ ಎರಡು ಸಿಕ್ಕವು. ಅದೇ ‘ಇನ್’ ಹಿಡಿದು ಕರೆಕ್ಟ್–ಇನ್‌ಕರೆಕ್ಟ್, ಕಂಪ್ಲೀಟ್–ಇನ್‌ಕಂಪ್ಲೀಟ್. ಕನ್ನಡದಲ್ಲಿ ನ್ಯಾಯ–ಅನ್ಯಾಯ ಅನ್ನುವುದಿಲ್ಲವೇ, ಹಾಗೆ.

ಒಂದು ಸಂಜೆ ಅವಳು ನನ್ನನ್ನೇ ಸಿಕ್ಕಿಸಿದಳು. ಕಬ್ಬಿನ ಬೆಲೆಗೆ ಎಲ್ಲರೂ ಎಫ್‌ಆರ್‌ಪಿ ಅನ್ನುತ್ತಾರೆ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ ₹340 ನಿಗದಿ ಮಾಡಿದ್ದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ‘ಎಫ್ ಅಂದ್ರೆ ಫೇರ್, ಪಿ ಅಂದ್ರೆ ಪ್ರೈಸ್. ನಡುವಿನ ಆರ್ ಏನಣ್ಣ?’ ನಾನು ತಡವರಿಸಿದೆ. ಅಪ್ಪನಿಗೂ ಗೊತ್ತಿಲ್ಲ. ನಿಘಂಟು ತೆಗೆದು ನೋಡಿದೆವು: ರೆಮ್ಯುನರೇಟಿವ್, ಪಟ್ಟ ಶ್ರಮಕ್ಕೆ ತಕ್ಕ ಪ್ರತಿಫಲ ಕೊಡುವಂಥದ್ದು. ಅರ್ಥ ಓದಿ ಹೇಳಿದಾಗ ಅಪ್ಪ, ‘ಓಹೋ, ಅದನ್ನ ಬಾಯಲ್ಲಿ ಹೇಳಾಕೂ ಆಗ್ದಂಗೆ ಮಡಗವ್ರೆ, ಕೈಗೆ ಹೆಂಗೆ ಬಂದದು’ ಅಂದರು. ಆ ಪದ ನಮ್ಮ ಮೂವರಿಗೂ ಇನ್ನು ಮರೆಯುವುದಿಲ್ಲ.

ನಿಘಂಟು ಅಂದಾಗ ನೆನಪಾಯಿತು. ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು ವೃತ್ತಿ ಶುರು ಮಾಡಿದ್ದು ನಮ್ಮ ಮಂಡ್ಯದ ಪುರಸಭೆ ಶಾಲೆಯ ಮೇಷ್ಟ್ರಾಗಿ. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಆ ಹಿರಿಯರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಒಂದೊಂದು ಪದದ ಅನುಮಾನವನ್ನೂ ವರ್ಷಗಟ್ಟಲೆ ಬಿಡಿಸಿದರು. ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಪದಗಳಿಗೆಂದೇ ‘ಎರವಲು ಪದಕೋಶ’ ಮಾಡಿದರು. ಎರವಲು ಪದ ಆಡುವುದು ಅವಮಾನದ ಸಂಗತಿ ಆಗಿದ್ದರೆ ಅವರು ಅದಕ್ಕೊಂದು ಕೋಶ ಮಾಡುತ್ತಿದ್ದರೇ?

ಇನ್ನೊಬ್ಬರ ಕೆಲಸವೂ ಇಲ್ಲಿಗೆ ಒದಗುತ್ತದೆ. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಅಧ್ಯಾಪಕ ಸುಮಾರು ನೂರು ವರ್ಷಗಳ ಹಿಂದೆ ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕಷ್ಟವನ್ನು ಕಣ್ಣಾರೆ ಕಂಡವರು. ಪಠ್ಯದಲ್ಲಿ ಸಾಲಿಗೊಂದು ಅಪರೂಪದ ಪದ ಬಂದರೆ ಮಗು ಓದುವುದನ್ನೇ ಬಿಡುತ್ತದೆ ಎಂದು ಅರಿತು, ಹೆಚ್ಚು ಬಳಕೆಯ ಪದಗಳನ್ನೇ ಮತ್ತೆ ಮತ್ತೆ ತರುವ ಓದು ಪುಸ್ತಕಗಳನ್ನು ಮಾಡಿದರು. 1953ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಇರುವುದು ಸುಮಾರು 2,000 ಪದಗಳು ಮಾತ್ರ. ಸಾಮಾನ್ಯ ಇಂಗ್ಲಿಷ್ ಬರಹದ ಬಹುಪಾಲು ಅಷ್ಟರಲ್ಲೇ ನಡೆದುಹೋಗುತ್ತದೆ. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಅದು. ಈಗ ರೀಲ್ಸ್‌ನಲ್ಲಿ ನೋಡಿ, ‘ವೆರಿ ಹ್ಯಾಪಿ ಅನ್ನಬೇಡಿ, ಎಕ್ಸ್‌ಟ್ಯಾಟಿಕ್ ಅನ್ನಿ’ ಎಂದು ಮೂವತ್ತು ಸೆಕೆಂಡಿನ ಪಾಠ. ‘ಬಿಕಾಸ್’ ಬಳಸಿ ಒಂದು ನೆಟ್ಟಗಿನ ವಾಕ್ಯ ಬರೆಯಲಾಗದವನಿಗೆ ಎಕ್ಸ್‌ಟ್ಯಾಟಿಕ್ ಯಾಕೆ ಬೇಕು ಸ್ವಾಮಿ?

ಇದನ್ನು ಉಡಾಫೆಯಿಂದ ಹೇಳುತ್ತಿಲ್ಲ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಉಳಿದ ವಿಭಾಗಗಳನ್ನು ಈಗ ಕನ್ನಡದಲ್ಲಿ ಬರೆಯಬಹುದು, ಇದನ್ನು ಬರೆಯುವಂತಿಲ್ಲ. ಮೊದಲ ಸಲ ನಾನು ಅಲ್ಲಿ ಬಿದ್ದದ್ದು ಕಷ್ಟದ ಪದಗಳಿಂದಲ್ಲ. ಬಿಟ್ಟ ಸ್ಥಳ ತುಂಬುವಲ್ಲಿ ಯಾವ ಪದ ಯಾವ ಪದದ ಪಕ್ಕ ಕೂರುತ್ತದೆ ಎಂದು ತಿಳಿಯದೆ. ಕನ್ನಡದಲ್ಲಿ ತಪ್ಪನ್ನೂ ‘ಮಾಡು’ತ್ತೇವೆ, ಹೋಮ್‌ವರ್ಕನ್ನೂ ‘ಮಾಡು’ತ್ತೇವೆ. ಇಂಗ್ಲಿಷ್‌ನಲ್ಲಿ ಮಿಸ್ಟೇಕಿಗೆ ಮೇಕ್, ಹೋಮ್‌ವರ್ಕಿಗೆ ಡು. ‘ಲೈಟ್ ಹಾಕು’ ಅನ್ನುವ ನಾವು ‘ಪುಟ್ ದ ಲೈಟ್’ ಎಂದು ಬರೆಯುತ್ತೇವೆ. ಪದಕ್ಕೆ ಅರ್ಥ ಬರೆದುಕೊಂಡರೆ ಇದು ಬಗೆಹರಿಯುವುದಿಲ್ಲ, ಪೂರ್ತಿ ವಾಕ್ಯವನ್ನೇ ಬರೆದುಕೊಳ್ಳಬೇಕು. ಹುಡುಗಿಯ ನೋಟ್‌ಬುಕ್ಕಿನಲ್ಲಿ ಈಗ ಬಿಡಿ ಪದಗಳಿಗೆ ಜಾಗವಿಲ್ಲ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಅದೇ ಪುಟ ತಿರುವಿ ಹಾಕುತ್ತೇವೆ. ಹೊಸದನ್ನು ಐದಕ್ಕಿಂತ ಹೆಚ್ಚು ಸೇರಿಸುವುದಿಲ್ಲ.

ವಿಜ್ಞಾನಕ್ಕೆ ನಮಗೆ ದೊಡ್ಡ ಸಹಾಯವಾದದ್ದು ಒಂದು ಪೈಸೆ ಖರ್ಚಿಲ್ಲದ ವಿಷಯ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದೇ ಪುಸ್ತಕ ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಪಾಠ ಅದೇ, ಚಿತ್ರ ಅದೇ. ಮೊದಲು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಂಡು, ಆಮೇಲೆ ಮೊಬೈಲಿನಲ್ಲಿ ಇಂಗ್ಲಿಷಿನ ಅದೇ ಪುಟ ತೆರೆಯುವುದು. ವಿಷಯ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷ್ ವಾಕ್ಯ ತಾನಾಗಿ ಬಿಟ್ಟುಕೊಡುತ್ತದೆ. ದಿನಕ್ಕೆ ಅರ್ಧ ಪುಟ ಸಾಕು. ಇದನ್ನು ಎಂಟನೇ ತರಗತಿಯಿಂದಲೇ ವಾರಕ್ಕೊಂದು ಪಿರಿಯಡ್, ವಿಜ್ಞಾನದ ಮತ್ತು ಇಂಗ್ಲಿಷಿನ ಮೇಷ್ಟ್ರು ಸೇರಿ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಾಡಿಸಬಹುದು. ಹೊಸ ಯೋಜನೆ ಬೇಡ, ಅನುದಾನ ಬೇಡ. ಮಾಧ್ಯಮದ ಜಗಳದಲ್ಲಿ ದೊಡ್ಡವರು ದಶಕಗಳಿಂದ ಮುಳುಗಿದ್ದಾರೆ. ಆ ಜಗಳ ತೀರುವವರೆಗೆ ಹತ್ತನೇ ತರಗತಿಯ ಹುಡುಗಿ ಕಾಯಲಾಗುವುದಿಲ್ಲವಲ್ಲ. ಕನ್ನಡದಲ್ಲಿ ಕಲಿತದ್ದು ಅವಳಿಗೆ ಕೊರತೆಯೇನಲ್ಲ. ವಕ್ರೀಭವನ ಗಟ್ಟಿಯಾಗಿ ತಲೆಯಲ್ಲಿದ್ದದ್ದರಿಂದಲೇ ರಿಫ್ರ್ಯಾಕ್ಷನ್ ಒಂದು ಸಂಜೆಯಲ್ಲಿ ಬಂದು ಅದರ ಪಕ್ಕ ಕೂತಿತು.

ಮೊನ್ನೆ ಬೆಳಕಿನ ಪಾಠದ ಕೊನೆಯ ಭಾಗಕ್ಕೆ ಬಂದಿದ್ದೆವು. ಪಟ್ಟಕಕ್ಕೆ ಪ್ರಿಸಮ್, ರೋಹಿತಕ್ಕೆ ಸ್ಪೆಕ್ಟ್ರಮ್, ಅಲ್ಲಿಯವರೆಗೆ ಸಲೀಸು. ಬಿಳಿ ಬೆಳಕು ಏಳು ಬಣ್ಣವಾಗಿ ಒಡೆದು ಹರಡುವುದಕ್ಕೆ ‘ಡಿಸ್‌ಪರ್ಷನ್’ ಎಂದಿತ್ತು. ಅರ್ಥ ಹೇಳಲು ಹೋದವನನ್ನು ಕೈ ತೋರಿಸಿ ತಡೆದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರೇಯರ್ ಮುಗಿದ ಮೇಲೆ ನಮ್ಮ ಪಿ.ಟಿ. ಮೇಷ್ಟ್ರು ಡಿಸ್‌ಪರ್ಸ್ ಅಂತ ಕೂಗ್ತಾರಲ್ಲಣ್ಣ, ಎಲ್ಲಾರೂ ಚದರಿ ಕ್ಲಾಸಿಗೆ ಓಡ್ತೀವಿ. ಅದೇನಾ ಇದು?’ ಅಂದಳು.

ಅದೇ ಅಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪರೀಕ್ಷೆಗೆ ಮಾರ್ಚ್‌ವರೆಗೆ ಟೈಮಿದೆ. ಆರ್ಟ್ಸೋ ಸೈನ್ಸೋ ಎಂದು ನಾನು ಕೇಳಲಿಲ್ಲ, ಅವಳೂ ಹೇಳಿಲ್ಲ.