ತೋಳಿನ ಚಿಹ್ನೆ, ಕೈಯ ಕುಶಲತೆ

ಸ್ಕೌಟ್ ಎಂಬ ಆಂಗ್ಲ ಶಬ್ದಕ್ಕೆ ನಮ್ಮ ಹಿರಿಯರು ‘ಬಾಲಚರ’ನೆಂದು ಹೆಸರಿಟ್ಟರು. ಚರವೆಂದರೆ ಚಲಿಸುವುದು, ಮಠದ ಪರಿಸರದಲ್ಲಿ ಬೆಳೆದವರಿಗೆ ಈ ಶಬ್ದದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ‘ಬ್ಯಾಡ್ಜ್’ ಎಂಬುದನ್ನು ‘ಪದಕ’ವೆಂದು ಕರೆದುದು ಮಾತ್ರ ನನಗೆ ಸಮ್ಮತವಲ್ಲ. ಪದಕವು ಕೊರಳಿನಿಂದ ಎದೆಯ ಮೇಲೆ ತೂಗುವ ಆಭರಣ. ಸ್ಕೌಟಿನ ಬ್ಯಾಡ್ಜೋ ಅಂಗಿಯ ತೋಳಿಗೆ ಹೊಲಿಯುವ ಬಟ್ಟೆಯ ಸಣ್ಣ ತುಣುಕು. ಈ ಹುಡುಗನಿಗೆ ಇಂಥ ಕೆಲಸ ಬರುತ್ತದೆಂಬುದಕ್ಕೆ ಅದು ಸಾಕ್ಷಿಯೇ ಹೊರತು ಭೂಷಣವಲ್ಲ. ಆದುದರಿಂದ ನಾನು ‘ಕುಶಲಚಿಹ್ನೆ’ ಎನ್ನುತ್ತೇನೆ.

1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ಲರು ಹೂಡಿದ ಶಿಬಿರದಿಂದ ಈ ಚಳವಳಿ ಮೊದಲಾಯಿತು. ನಮ್ಮ ದೇಶದಲ್ಲಿ ಬೇರೆ ಬೇರೆಯಾಗಿದ್ದ ಸಂಸ್ಥೆಗಳು 1950ರ ನವೆಂಬರ್ 7ರಂದು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅನಂತರ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮ. ಈ ಏರಿಕೆಯ ನಡುವೆ ಬಾಲಕನು ತನಗೆ ರುಚಿಸಿದ ವಿದ್ಯೆಗಳನ್ನು ಆರಿಸಿಕೊಂಡು, ಬಲ್ಲವರ ಬಳಿ ಕಲಿತು, ಪರೀಕ್ಷೆಗೆ ಒಡ್ಡಿಕೊಂಡು, ಕುಶಲಚಿಹ್ನೆಗಳನ್ನು ಗಳಿಸಬೇಕು. ಬಾಲಕನು ಮುಟ್ಟಿದ ಎತ್ತರಕ್ಕಿಂತ ಅವನು ಪಟ್ಟ ಶ್ರಮವೇ ಅಳತೆಗೋಲಾಗಬೇಕೆಂಬುದು ಪೊವೆಲ್ಲರ ಅಭಿಪ್ರಾಯವಾಗಿತ್ತು.

ಈಗ ಅನೇಕ ಕಡೆ ನಡೆಯುತ್ತಿರುವುದೇನು? ಹಿರಿಯ ವಿದ್ಯಾರ್ಥಿಯ ದಿನಚರಿ ಪುಸ್ತಕವನ್ನು ಕಿರಿಯನು ಅಕ್ಷರಶಃ ನಕಲು ಮಾಡುತ್ತಾನೆ. ಅಂಗಡಿಯಿಂದ ತಂದ ಮಾದರಿಯು ಕರಕೌಶಲವೆನಿಸಿಕೊಳ್ಳುತ್ತದೆ. ಒಂದೇ ಮಧ್ಯಾಹ್ನದಲ್ಲಿ ನಾಲ್ಕಾರು ವಿದ್ಯೆಗಳಿಗೆ ರುಜು ಬೀಳುತ್ತದೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ನಮ್ಮ ರಾಜ್ಯವು ಸ್ಕೌಟು ಗೈಡುಗಳಿಗೆ ವಿಶೇಷ ವರ್ಗವನ್ನಿಟ್ಟಿರುವುದು ಉಚಿತವೇ. ಆದರೆ ಪಾಲಕರ ಕಣ್ಣು ವಿದ್ಯೆಯನ್ನು ಬಿಟ್ಟು ಪ್ರಮಾಣಪತ್ರದ ಮೇಲೆ ನೆಟ್ಟಿರುವುದಕ್ಕೆ ಅದೂ ಒಂದು ಕಾರಣ. ಅಧ್ಯಾಪಕರನ್ನಷ್ಟೇ ದೂರುವುದು ಅನ್ಯಾಯ. ಪಾಠಪ್ರವಚನಗಳ ಜೊತೆಗೆ ಹತ್ತು ಕೆಲಸ ಹೊತ್ತವರು ಅವರು.

ಭಾಲ್ಕಿಯ ಹಿರೇಮಠದ ಪರಮಪೂಜ್ಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಈ ಜಿಲ್ಲೆಯವರೆಲ್ಲ ಬಲ್ಲರು. ಅಲ್ಲಿ ಹೊರಗಿನ ಫಲಕಕ್ಕಿಂತ ಒಳಗಿನ ವಿದ್ಯೆ ದೊಡ್ಡದಾಗಿತ್ತು. ಇಂದಿನ ತೋಳುಗಳಲ್ಲಿ ಫಲಕವೇ ದೊಡ್ಡದಾಗುತ್ತಿದೆ. ನಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಕಳುಹಿಸಿದರಷ್ಟೆ. ಕಾಯಕಕ್ಕೆ ಮೀರಿದುದು ಮನೆಗೆ ಬರಬಾರದೆಂದು ತಿಳಿದ ತಾಯಿಯರು ಇಂದಿನ ತೋಳುಗಳನ್ನು ನೋಡಿದರೆ ಎಷ್ಟು ಚಿಹ್ನೆಗಳ ಹೊಲಿಗೆ ಬಿಚ್ಚಿಸುತ್ತಿದ್ದರೋ!

ಕಲಿಯಲು ಇಲ್ಲಿ ಕೊರತೆಯಿದೆಯೇ? ಬೀದರ ನಗರದಲ್ಲಿ ಬಿದರಿ ಕುಶಲಕರ್ಮಿಗಳಿದ್ದಾರೆ. ಸತು ತಾಮ್ರಗಳ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣು ನವಸಾಗರಗಳ ದ್ರಾವಣದಲ್ಲಿ ಕಪ್ಪು ಬರಿಸುವ ಆ ಕೆಲಸವನ್ನು ಬಾಲಕನು ಪೂರ್ತಿ ಕಲಿಯಲಾರ. ಆದರೆ ಒಂದು ನೇರ ಗೆರೆ ಕೊರೆಯಲು ಎಷ್ಟು ದಿನ ಬೇಕೆಂಬುದನ್ನು ಆತ ಕಲಿತರೂ ಸಾಕು, ಕರಕೌಶಲದ ಚಿಹ್ನೆಗೆ ಅವನು ಅರ್ಹ. ದಾರಿ ತೋರುವ ಚಿಹ್ನೆ ಬೇಕೆಂದವನು ನೌಬಾದಿನ ಸುರಂಗ ಬಾವಿಯ ಬಾಯಿಗಳನ್ನು ನೆಲದ ಮೇಲೆ ನಡೆದು ಗುರುತಿಸಿ, ಬಹಮನಿಯರ ಕಾಲದಲ್ಲಿ ನೀರು ನೆಲದೊಳಗೆ ಹೇಗೆ ಹರಿದು ಬಂದಿತೆಂಬುದನ್ನು ಅಪರಿಚಿತನಿಗೆ ತಿಳಿಯುವಂತೆ ಹೇಳಲಿ. ಬ್ರಿಟನ್ನಿನ ಹಳೆಯ ಪಟ್ಟಿಯಲ್ಲಿ ದುಭಾಷಿಯ ಚಿಹ್ನೆಯೂ ಇತ್ತು. ಔರಾದಿನ ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಅಲ್ಲಿಯ ಮಕ್ಕಳು ಈ ವಿದ್ಯೆಯಲ್ಲಿ ಯಾವ ದೇಶದ ಸ್ಕೌಟಿಗೂ ಸೋಲುವವರಲ್ಲ. ಪರೀಕ್ಷಿಸುವವರು ಬೇಕಷ್ಟೆ. ಇನ್ನು ಅಡಿಗೆಯ ಮಾತು. ಶಿಬಿರಕ್ಕೆ ಬಾಣಸಿಗರನ್ನು ಕರೆಸಿ ಊಟ ಬಡಿಸಿ, ಅದೇ ಶಿಬಿರದಲ್ಲಿ ಅಡಿಗೆಯ ಚಿಹ್ನೆ ಹಂಚುವುದಕ್ಕಿಂತ ಹಾಸ್ಯಾಸ್ಪದವಾದುದು ಬೇರಿಲ್ಲ. ಮೂರು ಕಲ್ಲಿನ ಒಲೆ ಹೂಡಿ, ಅಂಚು ಬಿರಿಯದಂತೆ ಒಂದು ಜೋಳದ ರೊಟ್ಟಿ ತಟ್ಟಿ ಬೇಯಿಸಲಿ. ಮೊದಲನೆಯದು ಹರಿದರೆ ಇನ್ನೊಂದು ತಟ್ಟಲಿ. ಪರೀಕ್ಷಕರಾಗಿ ಪ್ರಸಾದನಿಲಯದ ಅಡಿಗೆಯ ತಾಯಂದಿರೇ ಕುಳಿತುಕೊಳ್ಳಲಿ. ಅವರಷ್ಟು ನಿಷ್ಠುರರು ನಮ್ಮ ವಿದ್ವತ್ ಪರೀಕ್ಷೆಗಳಲ್ಲಿಯೂ ಇರಲಿಲ್ಲ.

ದಾನಿಗಳಾದ ಮಹನೀಯರಲ್ಲಿ ಒಂದು ಬಿನ್ನಹ. ತಾವು ಪ್ರತಿವರ್ಷ ಸಮವಸ್ತ್ರ, ಸ್ಕಾರ್ಫುಗಳನ್ನು ಕೊಡಿಸುತ್ತಿರುವುದು ಸ್ತುತ್ಯರ್ಹ. ಈ ಸಲ ಅದರೊಡನೆ ಹಗ್ಗ, ಗಾಯದ ಪಟ್ಟಿ, ದಿಕ್ಸೂಚಿ, ಕಬ್ಬಿಣದ ಹೆಂಚುಗಳನ್ನೂ ಸೇರಿಸಬೇಕು. ಬಿದರಿ ಕೆಲಸದವರು ಕುಲುಮೆ ಬಿಟ್ಟು ಬಂದ ದಿನಕ್ಕೆ ಅವರ ಕೂಲಿಯನ್ನೂ ಕೊಡಿಸಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರು, ದಾದಿಯರು, ವಿದ್ಯುತ್ ಕೆಲಸ ಬಲ್ಲವರು, ಒಕ್ಕಲುತನದವರು ಇದ್ದಾರೆ. ಯಾರು ಯಾವ ವಿದ್ಯೆಗೆ ಪರೀಕ್ಷಕರಾಗಬಲ್ಲರೆಂದು ಹೆಸರು ಬರೆಸಿದರೆ, ಮುಂದಿನ ಶಿಬಿರಕ್ಕೆ ಮೊದಲೇ ಸ್ಕೌಟ್ ಮಾಸ್ತರರು ಅವರನ್ನು ಜಿಲ್ಲಾ ಸಂಸ್ಥೆಗೆ ಸೂಚಿಸಬಹುದು.